ಆಸರಿಗೆ ನಿಲ್ಲದವಳು

ಬಿಳಗಿಯಿಂದ ಶಿರಸಿಯವರೆಗಿನ ಮ್ಯಾರಥಾನಿನಲ್ಲಿ ಹೋದ ವರ್ಷ ದಾಕ್ಷಾಯಿಣಿ ಗಾಡಿ ಹತ್ತಿದ್ದು ಕಾಲು ಸೋತು ಅಲ್ಲ, ಉಸಿರು ಕಟ್ಟಿಯೂ ಅಲ್ಲ. ಆಸರಿ ಕುಡಿದು ಕುಡಿದು.

ಆಸರಿಯೆಂದರೆ ಬಂದವರಿಗೆ ಮಾತಿಗೂ ಮೊದಲು ಕುಡಿಯಲು ಕೊಡುವುದು. ಪಾನಕವೋ ಮಜ್ಜಿಗೆಯೋ ಬೆಲ್ಲ ನೀರೋ, ಯಾವುದಾದರೂ ಸೈ. ಸಿದ್ದಾಪುರ, ಶಿರಸಿ ಕಡೆಯ ಮನೆಗಳಲ್ಲಿ ಆಸರಿಗೆ ಎಂತ ಮಾಡಲಿ ಎಂದು ಕೇಳುತ್ತಾರೆಯೇ ಹೊರತು ಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಬೇಡ ಎಂದಿರೋ, ಆ ಮನೆಯ ಮೇಲೆ ನಿಮಗೇನೋ ಅಸಮಾಧಾನವಿದೆ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ತಿರುಗಿರುತ್ತದೆ. ಇಂಥ ಸೀಮೆಯಲ್ಲಿ ಮ್ಯಾರಥಾನ್ ಇಟ್ಟವರ ಧೈರ್ಯವನ್ನು ಮೆಚ್ಚಬೇಕು.

ಸಿದ್ದಾಪುರ ದಾಟಿದ ಮೇಲೆ ಕಾನಸೂರಿನವರೆಗೂ ಆ ರಸ್ತೆಯ ಎರಡೂ ಬದಿಗೆ ದಾಕ್ಷಾಯಿಣಿಯ ಬಳಗವೇ. ಒಂದು ಕಡೆ ಚಿಕ್ಕಮ್ಮ, ಮುಂದೆ ಸೋದರತ್ತೆ, ಅದರಾಚೆ ಗಂಡನ ಕಡೆಯ ನಾದಿನಿ. ಓಡಿ ಬರುತ್ತಿರುವುದು ನಮ್ಮದೇ ಕೂಸು ಎಂದು ಗೊತ್ತಾದ ಮೇಲೆ ಅವರು ಸುಮ್ಮನೆ ಬಿಟ್ಟಾರೆಯೇ? ಒಬ್ಬೊಬ್ಬರೂ ಲೋಟ ಹಿಡಿದು ರಸ್ತೆಗೇ ಬಂದರು. ಆಕೆ ಒಬ್ಬೊಬ್ಬರ ಎದುರೂ ನಿಂತಳು, ಕುಡಿದಳು, ಎಲ್ಲ ಆರಾಮವಾ ಎಂದು ವಿಚಾರಿಸಿದಳು. ಒಂದು ಮನೆಯಲ್ಲಿ ಹೊಸ ಕರುವನ್ನೂ ನೋಡಿ ಬಂದಳು! ಹೊಟ್ಟೆಯಲ್ಲಿ ಕೋಕಂ, ಮಜ್ಜಿಗೆ, ಎಳ್ಳಿನ ಪಾನಕ ಮೂರೂ ಸೇರಿ ಗುಳುಗುಳು ಅನ್ನತೊಡಗಿದ ಮೇಲೆ ಓಡುವುದು ಹೋಗಲಿ, ನೆಟ್ಟಗೆ ನಡೆಯಲೂ ಆಗಲಿಲ್ಲ.

ಎಲ್ಲರ ಹಿಂದೆ ಒಂದು ಗಾಡಿ ಬರುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟವರು ಮಧ್ಯಾಹ್ನ ಒಂದರೊಳಗೆ ಶಿರಸಿ ಮುಟ್ಟಬೇಕೆಂದರೆ ಕನಿಷ್ಠ ಎಷ್ಟು ವೇಗ ಬೇಕೋ, ಅಷ್ಟೇ ವೇಗದಲ್ಲಿ ತೆವಳುವ ಗಾಡಿ ಅದು. ಯಾರನ್ನು ಅದು ಹಿಂದೆ ಹಾಕಿತೋ ಅವರ ಓಟ ಅಲ್ಲಿಗೆ ಮುಗಿಯಿತು, ಹತ್ತಿ ಕುಳಿತುಕೊಳ್ಳಬೇಕು. ಕಾನಸೂರಿನ ಹತ್ತಿರ ದಾಕ್ಷಾಯಿಣಿ ಯಾರದೋ ಮನೆಯ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತಿದಳು.

ಶಿರಸಿಯಲ್ಲಿ ಬಿಡಕಿಬೈಲಿನ ಹತ್ತಿರ ಅವಳದೊಂದು ಅಂಗಡಿ. ಸೀರೆಗೆ ಫಾಲ್ ಹಚ್ಚುವುದು, ಮ್ಯಾಚಿಂಗ್ ಬ್ಲೌಸ್ ಬಟ್ಟೆ, ಲೈನಿಂಗ್. ಓಟದ ಮರುದಿನದಿಂದ ಆ ಅಂಗಡಿಗೆ ಬಟ್ಟೆ ಬೇಡದವರೂ ಬರತೊಡಗಿದರು. "ಅಕ್ಕಾ, ಎಷ್ಟು ಮನೇದಾಯ್ತು ಆಸರಿ?" ಎಂದು ಒಬ್ಬರು, "ಬರೋ ವರ್ಷ ನಮ್ಮನೆ ಮುಂದೂ ಓಡಿ" ಎಂದು ಇನ್ನೊಬ್ಬರು. ಗಂಡ ಸದಾಶಿವ ಸೊಸೈಟಿಯಲ್ಲಿ ಕೆಲಸ ಮಾಡುವ ಸಮಾಧಾನದ ಮನುಷ್ಯ. ಅವನೂ ಊಟಕ್ಕೆ ಕೂತಾಗ, "ನಿಂಗೆ ಓಡಲೆ ಬತ್ತು ಮಾರಾಯ್ತಿ. ನಿಲ್ಲದೆ ಇಪ್ಪಲೆ ಬತ್ತಿಲ್ಲೆ, ಅಷ್ಟೇಯ" ಎಂದ. ಎಲ್ಲರ ಜೊತೆ ದಾಕ್ಷಾಯಿಣಿಯೂ ನಕ್ಕಳು. ಬಚ್ಚಲ ಮನೆಯ ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ಅತ್ತಳು. ನಿಜಕ್ಕೂ ಬೇಜಾರಾಗಿತ್ತು ಅವಳಿಗೆ.

ಓಟ ಅವಳ ಬದುಕಿಗೆ ಬಂದದ್ದೇ ತಡವಾಗಿ. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ, ನಡೆಯಿರಿ ಎಂದು ಡಾಕ್ಟರರು ಹೆದರಿಸಿದ್ದರು. ಕಾಲೇಜು ಮೈದಾನದಲ್ಲಿ ಬೆಳಿಗ್ಗೆ ಸುತ್ತು ಹಾಕುತ್ತಿದ್ದವಳನ್ನು ರಕ್ಷಿತಾ ನೋಡಿದಳು. ರಕ್ಷಿತಾ ಸಿದ್ದಾಪುರದ ಕಡೆಯ ನಾಯ್ಕರ ಹುಡುಗಿ. ಒಂದು ಕಾಲದಲ್ಲಿ ರಾಜ್ಯಮಟ್ಟದಲ್ಲಿ ಓಡಿದವಳು, ಈಗ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. "ಅಕ್ಕಾ, ನಡೆದದ್ದು ಸಾಕು, ಆ ಗೋಲ್ ಕಂಬದ ತನಕ ಓಡ್ರಿ ನೋಡುವಾ" ಎಂದಳು. ದಾಕ್ಷಾಯಿಣಿ ಸೀರೆಯ ನೆರಿಗೆ ಎತ್ತಿ ಓಡಿದಳು. ಓಡಿ ನಿಂತಾಗ ಎದೆ ಡವಡವ ಎನ್ನುತ್ತಿತ್ತು, ಮುಖದ ತುಂಬ ನಗು. ಆ ಸಂತೋಷ ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಮರುವಾರ ಚೂಡಿದಾರ ಹೊಲಿಸಿದಳು, ಮುಂದಿನ ತಿಂಗಳು ಬೂಟು ಬಂತು.

ಗಾಡಿ ಹತ್ತಿದ ಸುದ್ದಿ ಕೇಳಿ ರಕ್ಷಿತಾ ಮಾತ್ರ ನಗಲಿಲ್ಲ. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ.

"ಮ್ಯಾರಥಾನ್ ಅಂದ್ರೆ ನೆಂಟರ ಮನೆ ತಿರುಗೋದಾ ಅಕ್ಕಾ? ಇನ್ನೊಂದು ವರ್ಷ ನೋಡ್ತೇನೆ. ಮುಂದಿನ ಸಲವೂ ಗಾಡಿ ಹತ್ತಿದ್ರೆ ನಿಮ್ಮನ್ನ ವಾಪಸ್ ಹತ್ತು ಕಿಲೋಮೀಟರಿಗೇ ಹಾಕೋದು. ಮತ್ತೆ ಫುಲ್ ಮ್ಯಾರಥಾನ್ ಅಂತ ನನ್ನ ಹತ್ರ ಬರಬೇಡಿ, ಹೇಳಿದ್ದೇನೆ."

"ಹತ್ತು ಕಿಲೋಮೀಟರಾ?" ಎಂದಳು ದಾಕ್ಷಾಯಿಣಿ. ಶಾಲೆಯ ಮಕ್ಕಳು, ಬ್ಯಾಂಕಿನ ಮ್ಯಾನೇಜರು, ಹೊಟ್ಟೆ ಇಳಿಸಲು ಬಂದವರು ಎಲ್ಲ ಫೋಟೋ ತೆಗೆಸಿಕೊಳ್ಳುತ್ತ ಓಡುವ ಓಟ ಅದು. ಅವಳಿಗೆ ಬೇಕಿದ್ದದ್ದು ಬಿಳಗಿಯಿಂದ ಶಿರಸಿ, ಪೂರ್ತಿ ದಾರಿ, ತನ್ನದೇ ಕಾಲ ಮೇಲೆ.

ಮಳೆ ಕಡಿಮೆಯಾಗುತ್ತಿದ್ದ ಹಾಗೆ ತಯಾರಿ ಶುರುವಾಯಿತು. ವಾರದಲ್ಲಿ ಒಂದು ದಿನ ಮೈದಾನದಲ್ಲಿ ಜೋರಾದ ಓಟ, ಒಂದು ದಿನ ಏರು ಹತ್ತುವುದು, ಭಾನುವಾರ ದೂರದ ಓಟ, ಸೋಮವಾರ ಬೂಟು ಮುಟ್ಟಕೂಡದು. ಸೋಮವಾರವೂ ಕದ್ದು ಓಡಿ ರಕ್ಷಿತಾಳ ಕೈಯಲ್ಲಿ ಒಮ್ಮೆ ಸಿಕ್ಕಿಬಿದ್ದಳು. "ಕಾಲು ಗಟ್ಟಿಯಾಗೋದು ಓಡುವಾಗ ಅಲ್ಲ ಅಕ್ಕಾ, ಮಲಗಿದಾಗ" ಎಂದು ಬೈಸಿಕೊಂಡಳು.

ಎಲ್ಲಕ್ಕಿಂತ ಕಷ್ಟವಾದದ್ದು ನಿಧಾನ ಓಡುವುದು. ದೂರದ ಓಟವೆಂದರೆ ಮಾತಾಡಿಕೊಂಡು ಓಡುವ ಹಾಗಿರಬೇಕು, ಮಾತು ತುಂಡಾಯಿತೆಂದರೆ ವೇಗ ಹೆಚ್ಚಾಯಿತು ಎಂದು ಲೆಕ್ಕ ಅಂತ ರಕ್ಷಿತಾ ಹೇಳಿಕೊಟ್ಟಿದ್ದಳು. ಒಳ್ಳೆಯ ಮಾತೇ. ಆದರೆ ಇಂಥದ್ದನ್ನು ದಾಕ್ಷಾಯಿಣಿಗೆ ಹೇಳಬಾರದಿತ್ತು! ಅವಳು ಆ ಭಾನುವಾರ ಹಾಲಿನ ಡೈರಿಗೆ ಹೊರಟವರ ಜೊತೆ ಮಾತಾಡಿದಳು, ಬಸ್ಸಿಗೆ ಕಾದವರ ಜೊತೆ ಮಾತಾಡಿದಳು, ಸೈಕಲ್ಲಿನಲ್ಲಿ ಬಂದ ಮೀನಿನವನ ಜೊತೆ ಅವನ ಮಗಳ ಮದುವೆ ಎಲ್ಲಿಗೆ ಬಂತೆಂದು ಕೇಳುತ್ತ ದಾರಿ ತಪ್ಪಿ ಅರ್ಧ ಊರು ಸುತ್ತಿ ಬಂದಳು. ವೇಗ ಮಾತ್ರ ಸರಿಯಾಗಿತ್ತು ಎನ್ನಿ.

"ಇದೆಲ್ಲ ಬಿಡಿ. ನಿಮಗೆ ಬೇಡ ಅನ್ನೋದನ್ನ ಕಲಿಸಬೇಕು ಮೊದಲು" ಎಂದಳು ರಕ್ಷಿತಾ. "ಓಡುವಾಗ ಕುಡಿಯೋದು ಬೇಕೇ ಬೇಕು. ಆದರೆ ಗುಟುಕು ಗುಟುಕು, ಅದೂ ಅಭ್ಯಾಸ ಇದ್ದದ್ದೇ. ನಿಂಬೆಹಣ್ಣು, ಉಪ್ಪು, ಸ್ವಲ್ಪ ಸಕ್ಕರೆ. ಅದು ನಿಮ್ಮ ಸೊಂಟದ ಬಾಟಲಿಯಲ್ಲೇ ಇರ್ತದೆ. ಬೇರೆ ಯಾರು ಕೊಟ್ರೂ ಕೈ ಎತ್ತಿ, ನಕ್ಕು, ಮುಂದೆ ಹೋಗೋದು. ನಿಲ್ಲೋದಿಲ್ಲ."

"ಕೈ ಎತ್ತಿ, ನಕ್ಕು."

"ಹ್ಞಾಂ. ಮುಂದಿನ ಭಾನುವಾರ ಸಿದ್ದಾಪುರದವರೆಗೆ ಬಸ್ಸಲ್ಲಿ ಹೋಗಿ, ಅಲ್ಲಿಂದ ಅದೇ ರಸ್ತೆಯಲ್ಲಿ ಓಡಿ."

ಚಿಕ್ಕಮ್ಮನ ಮನೆ ಮೊದಲು ಸಿಕ್ಕಿತು. "ಏ ದಾಕ್ಷೀ, ನಿಲ್ಲೇ! ಆಸರಿಗೆ ಎಂತಾರೂ ಕುಡ್ಕಂಡು ಹೋಗು" ಎಂದು ಚಿಕ್ಕಮ್ಮ ಕೂಗಿದಳು. ದಾಕ್ಷಾಯಿಣಿ ಕೈ ಎತ್ತಿದಳು, ನಕ್ಕಳು, "ಬ್ಯಾಡ ಚಿಕ್ಕಮ್ಮ" ಎಂದಳು, ಮುಂದೆ ಹೋದಳು. ಭಲೇ! ಹೋದವಳು ಒಂದು ತಿರುವು ದಾಟಿ, ತಡೆಯಲಾರದೆ ತಿರುಗಿ ಓಡಿ ಬಂದು, "ತಪ್ಪು ತಿಳ್ಕಳಡ ಚಿಕ್ಕಮ್ಮ, ಎಂಗೆ ನಿಲ್ಲಲೆ ಆಗ್ತಿಲ್ಲೆ, ನಿಂತ್ರೆ ಕಾಲು ಹಿಡ್ಕತ್ತು" ಎಂದು ವಿವರಿಸಿ ಮತ್ತೆ ಹೊರಟಳು. ಸೋದರತ್ತೆಯ ಮನೆಯಲ್ಲೂ ಹಾಗೆಯೇ. ಹೀಗೆ ಪ್ರತಿ ಮನೆಗೂ ಹಿಂದಿರುಗಿ ಬಂದು ಸಮಜಾಯಿಷಿ ಕೊಟ್ಟು ಆ ಭಾನುವಾರದ ಓಟ ರಕ್ಷಿತಾ ಹೇಳಿದ್ದಕ್ಕಿಂತ ಎಷ್ಟೋ ಉದ್ದವಾಯಿತು. ಕೇಳಿ ರಕ್ಷಿತಾ ಹಣೆ ಚಚ್ಚಿಕೊಂಡಳು.

ಆದರೂ ಅಭ್ಯಾಸ ಯಾರನ್ನು ಬಿಟ್ಟಿದೆ! ಚಳಿ ಶುರುವಾಗುವ ಹೊತ್ತಿಗೆ ದಾಕ್ಷಾಯಿಣಿ ಹಿಂದಿರುಗುವುದನ್ನು ಬಿಟ್ಟಳು. ಕೈ ಎತ್ತುವುದು, ನಗುವುದು, ಹೋಗುವುದು. ಅವಳಿಗೆ ಸೊಕ್ಕು ಬಂದಿದೆ ಎಂದು ಒಂದೆರಡು ಮನೆಯವರು ಅಂದದ್ದು ಕಿವಿಗೂ ಬಿತ್ತು. ನುಂಗಿಕೊಂಡಳು. ನುಂಗಲು ಆಗದ್ದು ಒಂದೇ ಒಂದು ಉಳಿದಿತ್ತು. ಅಕ್ಕನ ಮನೆ.

ಶ್ರೀಲಕ್ಷ್ಮಿ ಅವಳಿಗಿಂತ ಬಹಳ ದೊಡ್ಡವಳು. ತಾಯಿ ಹೋದಾಗ ದಾಕ್ಷಾಯಿಣಿ ಇನ್ನೂ ಕಂಕುಳ ಕೂಸು. ಎತ್ತಿ ಆಡಿಸಿ, ತಲೆ ಬಾಚಿ, ಶಾಲೆಗೆ ಕಳಿಸಿ, ಕಡೆಗೆ ಮದುವೆಯಲ್ಲಿ ತಾಯಿಯ ಜಾಗದಲ್ಲಿ ನಿಂತದ್ದೂ ಅವಳೇ. ಕಾನಸೂರು ದಾಟಿ ಸ್ವಲ್ಪ ದೂರಕ್ಕೆ ರಸ್ತೆಗೇ ತಾಗಿದ ಹಾಗೆ ಅವಳ ಮನೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ದಿನವಿಡೀ ಬಂದು ಹೋಗುವ ಜನ. ಆ ಬಾಗಿಲಿಗೆ ಬಂದವರು ಹಸಿದು ಹೋದದ್ದಿಲ್ಲ, ಆ ಮನೆಯವರು ಹಾಗೆಂದು ಹೇಳಿಕೊಂಡದ್ದೂ ಇಲ್ಲ.

ಡಿಸೆಂಬರಿನ ಒಂದು ಭಾನುವಾರ ಓಟ ಅಲ್ಲಿಯವರೆಗೂ ಬೆಳೆಯಿತು. ಅಕ್ಕ ಗೇಟಿನ ಹತ್ತಿರ ಕಂಚಿನ ಲೋಟ ಹಿಡಿದು ನಿಂತಿದ್ದಳು. ಸುದ್ದಿ ಹೇಗೋ ಮುಟ್ಟಿರಬೇಕು. ದಾಕ್ಷಾಯಿಣಿ ಮುಖ ನೋಡುವ ಧೈರ್ಯ ಸಾಲದೆ ಲೋಟವನ್ನಷ್ಟೇ ನೋಡಿ, ಕೈ ಎತ್ತಿ, ಹೋಗಿಯೇಬಿಟ್ಟಳು.

ಅಂದು ಸಂಜೆ ಫೋನು ಮಾಡಿದರೆ ಅಕ್ಕ ಎತ್ತಲಿಲ್ಲ. ಮರುದಿನವೂ ಇಲ್ಲ. ಸೊಸೆ ಎತ್ತಿ, "ಅತ್ತೆ ಕೊಟ್ಟಿಗೆಲಿ ಇದ್ದ" ಎಂದಳು. ಮೂರು ಸಲ ಕರೆದರೆ ಮೂರು ಸಲವೂ ಕೊಟ್ಟಿಗೆಯೇ. ಕಡೆಗೆ ದಾಕ್ಷಾಯಿಣಿ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದಳು.

ಅಕ್ಕ ಜಗಲಿಯಲ್ಲಿ ಚಾಪೆ ಹಾಕಿ ಕೂರಿಸಿದಳು. ಒಳಗಿನಿಂದ ಬಾಳೆಹಣ್ಣಿನ ತಟ್ಟೆ ಬಂತು. ಆಮೇಲೆ ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು:

"ಕಾಪಿಗೆ ಸಕ್ರೆ ಎಷ್ಟು ಹಾಕವು?"

ದಾಕ್ಷಾಯಿಣಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆ ಮನೆಯಲ್ಲಿ ಅವಳಿಗೆ ಆ ಪ್ರಶ್ನೆ ಯಾವತ್ತೂ ಬಂದದ್ದಿಲ್ಲ. ಅದನ್ನು ಕೇಳುವುದು ದೂರದ ನೆಂಟರನ್ನು, ಸರ್ವೆಗೆ ಬಂದ ನೌಕರರನ್ನು.

"ಅಕ್ಕ, ಆನು ಸಿಟ್ಟಿಂದ ಹೋಗಿದ್ದಲ್ಲ. ನಿಂತ್ರೆ ಮತ್ತೆ ಕಾಲು ಏಳ್ತಿಲ್ಲೆ. ರಕ್ಷಿತಾ ಹೇಳಿದ್ದು..."

"ಎಂಗೆ ಓಟ ಗೊತ್ತಿಲ್ಲೆ ತಂಗಿ" ಎಂದಳು ಅಕ್ಕ ತಣ್ಣಗೆ. "ಎಮ್ಮನೆ ಬಾಗಿಲಿಗೆ ಬಂದವ್ರು ಕೈ ಬೀಸ್ಕಂಡು ಹೋಗದು ಮಾತ್ರ ಈವರೆಗೆ ನೋಡಿದ್ನಿಲ್ಲೆ."

ಅಷ್ಟೇ. ಉಪ್ಪಿನಕಾಯಿ ಕಟ್ಟಿಕೊಟ್ಟಳು, ಬಸ್ಸಿಗೆ ಹೊತ್ತಾಯಿತು ಎಂದು ನೆನಪಿಸಿದಳು. ಜಗಳವಾಡಿದ್ದರೂ ಎಷ್ಟೋ ಚೆನ್ನಾಗಿತ್ತು. ದಾಕ್ಷಾಯಿಣಿ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಓಟ ಬಿಟ್ಟುಬಿಡಲೇ ಎಂದು ಮೊದಲ ಸಲ ಅನ್ನಿಸಿತು. ಬಿಡಲು ಮನಸ್ಸು ಒಪ್ಪಲಿಲ್ಲ. ಎರಡೂ ಬೇಕಿತ್ತು ಅವಳಿಗೆ, ಅಕ್ಕನೂ ಬೇಕು, ಓಟವೂ ಬೇಕು. ಅದನ್ನು ಯಾರ ಹತ್ತಿರ ಹೇಳುವುದು?

ಜನವರಿಯ ಓಟದ ದಿನ ಬಿಳಗಿಯಲ್ಲಿ ಇಬ್ಬನಿ ದಟ್ಟವಾಗಿತ್ತು. ಹುಬ್ಬಳ್ಳಿ, ಧಾರವಾಡ, ಶಿವಮೊಗ್ಗದಿಂದ ಬಂದ ಓಟಗಾರರು ಬಣ್ಣ ಬಣ್ಣದ ಬೂಟು ಹಾಕಿಕೊಂಡು ಜಿಗಿಯುತ್ತಿದ್ದರು. ರಕ್ಷಿತಾ ಬೂಟಿನ ದಾರ ಎಳೆದು ನೋಡಿದಳು, ಸೊಂಟದ ಬಾಟಲಿ ಅಲ್ಲಾಡಿಸಿ ನೋಡಿದಳು.

"ಮೊದಲ ಅರ್ಧ ನಾಚಿಕೆ ಆಗೋ ಅಷ್ಟು ನಿಧಾನ ಓಡ್ರಿ ಅಕ್ಕಾ. ಎಲ್ಲರೂ ಮುಂದೆ ಹೋಗ್ಲಿ. ಏರು ಬಂದಾಗ ಸಣ್ಣ ಹೆಜ್ಜೆ, ಆಗದಿದ್ರೆ ನಡೀರಿ, ಅವಮಾನ ಇಲ್ಲ ಅದರಲ್ಲಿ. ಹಿಂದೆ ತಿರುಗಿ ಗಾಡಿ ಎಲ್ಲಿ ಅಂತ ನೋಡಬೇಡಿ. ನಾನು ಶಿರಸಿಯಲ್ಲಿ ಇರ್ತೇನೆ."

ಹಾಗೆಯೇ ಓಡಿದಳು. ಎಲ್ಲರೂ ದಡದಡ ಮುಂದೆ ಹೋದರು. ಒಬ್ಬರು ಮುದುಕರು, ಕುಂಟುತ್ತಿದ್ದ ಒಬ್ಬ ಹುಡುಗ, ಇವಳು, ಇಷ್ಟೇ ಜನ ಹಿಂದೆ. ನಾಚಿಕೆಯಂತೂ ಸಾಕಷ್ಟು ಆಯಿತು. ಆದರೆ ಸಿದ್ದಾಪುರ ದಾಟಿದ ಮೇಲೆ ನೋಡಿ, ದಡದಡ ಹೋಗಿದ್ದವರಲ್ಲಿ ಕೆಲವರು ಮೋರಿಯ ಕಟ್ಟೆಯ ಮೇಲೆ ಕೂತು ತೊಡೆ ತಿಕ್ಕಿಕೊಳ್ಳುತ್ತಿದ್ದರು. ದಾಕ್ಷಾಯಿಣಿ ಅವರನ್ನು ದಾಟಿದಳು. ಚಿಕ್ಕಮ್ಮನಿಗೆ ಕೈ ಎತ್ತಿದಳು, ಸೋದರತ್ತೆಗೆ ಎತ್ತಿದಳು, ನಾದಿನಿಗೂ ಎತ್ತಿದಳು. ಗುಟುಕು ಗುಟುಕಾಗಿ ತನ್ನ ನಿಂಬೆ ನೀರು ಕುಡಿದಳು. ಕಾಲು ಹಗುರ, ಉಸಿರು ಹದ. ಇಷ್ಟು ಚೆನ್ನಾಗಿ ಅವಳು ಯಾವತ್ತೂ ಓಡಿರಲಿಲ್ಲ.

ಕಾನಸೂರು ದಾಟಿತು. ಅಕ್ಕನ ಮನೆಯ ತಿರುವು ಬಂತು. ಕೈ ಎತ್ತಲು ಮನಸ್ಸನ್ನು ಗಟ್ಟಿ ಮಾಡಿಕೊಂಡೇ ಬಂದಳು.

ಅಕ್ಕ ಗೇಟಿನ ಹತ್ತಿರ ನಿಂತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ.

ಲೋಟವಿಲ್ಲ, ತಂಬಿಗೆಯಿಲ್ಲ. ಬರಿಗೈ ಕಟ್ಟಿಕೊಂಡು, ರಸ್ತೆಯಲ್ಲಿ ಹೋಗುವ ಯಾರನ್ನೋ ನೋಡುವ ಹಾಗೆ ನೋಡುತ್ತ ನಿಂತಿದ್ದಳು. ದಾಕ್ಷಾಯಿಣಿ ಎತ್ತಿದ ಕೈ ಅರ್ಧಕ್ಕೇ ಇಳಿಯಿತು. ಕಾಲು ತಾನಾಗಿ ನಿಂತಿತು. ರಕ್ಷಿತಾ ನೋಡಿದ್ದರೆ ಅಲ್ಲೇ ಕಪಾಳಕ್ಕೆ ಬಾರಿಸುತ್ತಿದ್ದಳೋ ಏನೋ.

"ಅಕ್ಕ, ಎಂತೂ ಕೊಡ್ತಿಲ್ಯ?"

"ಬ್ಯಾಡ ಹೇಳವರ ಹತ್ರ ಕೇಳದು ಎಂತಕ್ಕೆ?"

ದಾಕ್ಷಾಯಿಣಿ ಗೇಟಿನ ಸರಳು ಹಿಡಿದುಕೊಂಡಳು. ಕಣ್ಣಿಂದ ನೀರೂ ಬಂತು, ಸಿಟ್ಟೂ ಬಂತು.

"ಹೌದು, ಬ್ಯಾಡ ಹೇಳ್ತೆ. ನೀ ಕೊಟ್ರೂ ಬ್ಯಾಡ ಹೇಳ್ತೆ. ಹುಟ್ಟಿದ ಮೇಲೆ ಆನು ಯಾರಿಗೂ ಬ್ಯಾಡ ಹೇಳಿದ್ನಿಲ್ಲೆ ಅಕ್ಕ. ಅಪ್ಪಯ್ಯ ಕಾಲೇಜು ಸಾಕು ಹೇಳ್ದ, ಸೈ ಹೇಳ್ದಿ. ಇವ್ರು ಅಂಗಡಿ ಹಾಕು ಹೇಳ್ದ, ಹಾಕ್ದಿ. ಎಲ್ಲದಕ್ಕೂ ಸೈ, ಎಲ್ಲದಕ್ಕೂ ಸೈ. ಇದೊಂದು ಯಾರೂ ಹೇಳಿದ್ದಲ್ಲ, ಎಂಗೇ ಬೇಕಾಗಿದ್ದು. ಒಂದೇ ಒಂದು ಸಲ ಶಿರಸಿವರೆಗೆ ಓಡಿ ಮುಟ್ಟವು ಹೇಳಿ ಆಸೆ. ನೀ ಅದ್ಕೆ ಮಾತು ಬಿಡಡ. ನೀ ಮಾತು ಬಿಟ್ರೆ ಎಂಗೆ ಓಡಲೆ ಆಗ್ತಿಲ್ಲೆ."

ಅಕ್ಕ ಕಟ್ಟಿಕೊಂಡಿದ್ದ ಕೈ ಬಿಟ್ಟಳು. ತಂಗಿಯ ಮುಖ ನೋಡಿದಳು, ಬೆವರಿಗೆ ಅಂಟಿದ ಕೂದಲು ನೋಡಿದಳು. ಕುಂಟುತ್ತಿದ್ದ ಹುಡುಗ ಪಕ್ಕದಲ್ಲೇ ದಾಟಿ ಹೋದ. ಆ ಮುದುಕರೂ ದಾಟಿ ಹೋದರು. ಮೋರಿಯ ಕಟ್ಟೆಯ ಮೇಲೆ ಕೂತವರು ಆಗಲೇ ಗಾಡಿ ಹತ್ತಿರಬೇಕು, ಇನ್ನು ಹಿಂದೆ ಯಾರೂ ಇರಲಿಲ್ಲ. ತಿರುವಿನಲ್ಲಿ ಹಳದಿ ದೀಪ ಮಿಣುಕಿಸುತ್ತ ಬಿಳಿ ಗಾಡಿ ಕಂಡಿತು.

"ಅದೇ ಗಾಡಿಯ?" ಎಂದಳು ಅಕ್ಕ.

"ಹೌದು."

"ಹೋದ ವರ್ಷ ನಿನ್ನ ಹತ್ತಿಸ್ಕಂಡು ಹೋದ್ದು?"

"ಹೌದೇ ಅಕ್ಕ."

"ಮತ್ತೆಂತಕ್ಕೆ ಇಲ್ಲಿ ಅಳ್ತಾ ನಿಂತಿದ್ದೆ, ಕತ್ತೆ? ಓಡು! ಓಡೇ!"

ಬೈಗುಳ ಕೇಳಿ ಇಷ್ಟು ಖುಷಿಪಟ್ಟವರು ಇನ್ನೊಬ್ಬರಿರಲಿಕ್ಕಿಲ್ಲ. ದಾಕ್ಷಾಯಿಣಿ ಓಡಿದಳು. ಓಡಿದಳು ಎಂದರೆ ಓಡಲು ನೋಡಿದಳು. ನಿಂತ ಕಾಲು ಮರಗಟ್ಟಿತ್ತು, ಮೀನಖಂಡ ಹಿಡಿದು ಎಳೆಯುತ್ತಿತ್ತು. ಮುಂದೆ ಇದ್ದದ್ದು ಉದ್ದನೆಯ ಏರು. ಸಣ್ಣ ಹೆಜ್ಜೆ, ಸಣ್ಣ ಹೆಜ್ಜೆ ಎಂದು ಹೇಳಿಕೊಂಡು ಹತ್ತಿದಳು, ಅರ್ಧಕ್ಕೆ ನಡೆದಳು. ಈಗ ಬಂತು ಗಾಡಿ, ಇನ್ನೇನು ಬಂತು ಎಂದು ಬೆನ್ನೆಲ್ಲ ಕಿವಿಯಾಗಿತ್ತು. ಇಂಜಿನ್ನಿನ ಸದ್ದಿಲ್ಲ. ತಿರುಗಿ ನೋಡಲೇ ಎನ್ನಿಸಿತು, ರಕ್ಷಿತಾಳ ಮಾತು ನೆನೆದು ನೋಡಲಿಲ್ಲ. ಏರು ಮುಗಿಯಿತು. ಆದರೂ ಗಾಡಿ ಬರಲಿಲ್ಲ.

ಬರದಿದ್ದರೆ ಬೇಡ, ಅದನ್ನು ಕಾದುಕೊಂಡು ಕೂರುವ ಹೊತ್ತೇ ಇದು? ಇಳಿಜಾರಿನಲ್ಲಿ ಕಾಲು ಬಿಟ್ಟಳು. ಮೊದಲ ಅರ್ಧದಲ್ಲಿ ನಾಚಿಕೆಪಟ್ಟು ಉಳಿಸಿಕೊಂಡಿದ್ದ ಶಕ್ತಿಯೆಲ್ಲ ಒಳಗೆ ಹಾಗೇ ಇತ್ತು, ಹದವಾಗಿ ಹೊರಗೆ ಬಂತು. ಮುದುಕರನ್ನು ಹಿಡಿದಳು, "ಬನ್ನಿ ಮಾವ, ಒಟ್ಟಿಗೆ ಹೋಗುವಾ" ಎಂದಳು. ಬಿಸಿಲು ಏರಿತು. ಕಡೆಯ ಹತ್ತು ಕಿಲೋಮೀಟರಿನ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಅದು ನೋವೇ ನೋವು. ಬೆರಳ ಉಗುರು ಸುಡುತ್ತಿತ್ತು, ತೊಡೆ ಕಲ್ಲಾಗಿತ್ತು. ಒಂದು ಕರೆಂಟು ಕಂಬ ನೋಡುವುದು, ಅಲ್ಲಿಯವರೆಗೆ ಓಡುವುದು, ಇನ್ನೊಂದು ಕಂಬ ನೋಡುವುದು. ಇಷ್ಟರಲ್ಲೇ ಅವಳ ಪ್ರಪಂಚ ಮುಗಿದಿತ್ತು. ಗಾಡಿಯ ವಿಷಯ ಮರೆತೇ ಹೋಯಿತು.

ಕಾಲೇಜು ಮೈದಾನದ ಬಾಗಿಲು ದಾಟುವಾಗ ದೊಡ್ಡ ಗಡಿಯಾರದಲ್ಲಿ ಒಂದು ಹೊಡೆಯಲು ಇನ್ನೂ ಸ್ವಲ್ಪ ಬಾಕಿಯಿತ್ತು. ಗಂಟೆಗಟ್ಟಲೆ ಬಿಸಿಲಲ್ಲಿ ನಿಂತು ಕಪ್ಪಾಗಿದ್ದ ಸದಾಶಿವ, "ಬಂತು, ಬಂತು, ಎಮ್ಮನೇದು ಬಂತು!" ಎಂದು ಮಾನ ಮರ್ಯಾದೆ ಬಿಟ್ಟು ಕುಣಿದ. ದಾಕ್ಷಾಯಿಣಿ ಗೆರೆ ದಾಟಿದಳು. ಕುತ್ತಿಗೆಗೆ ಪದಕ ಬಿತ್ತು. ಅವಳು ಕೂರಲು ಹೋದರೆ ರಕ್ಷಿತಾ ಬಿಡಲಿಲ್ಲ, ತೋಳು ಹಿಡಿದು, "ಕೂತ್ಕೋಬಾರ್ದು ಈಗ, ನಡೀರಿ, ನಡೀರಿ" ಎಂದು ನಡೆಸಿದಳು. ಬೈಯುವ ದನಿಯಲ್ಲೇ ಹೇಳುತ್ತಿದ್ದಳು, ಕಣ್ಣು ಮಾತ್ರ ತುಂಬಿಕೊಂಡಿತ್ತು.

ಓಟ ನಡೆಸುವವರಿಗೆ ಆಗ ಒಂದೇ ಚಿಂತೆ. ಹಿಂದಿನ ಗಾಡಿ ಎಲ್ಲಿ? ಫೋನು ಮಾಡಿದರೆ ಒಮ್ಮೆ ತಾಗಲಿಲ್ಲ, ಇನ್ನೊಮ್ಮೆ ತಾಗಿ, "ಬರಾಕತ್ತೇವ್ರಿ" ಎಂದು ಬಾಯಿ ತುಂಬಿಕೊಂಡ ದನಿ ಕೇಳಿ ಕಟ್ಟಾಯಿತು. ಪೆಂಡಾಲು ಬಿಚ್ಚುವ ಹೊತ್ತಿಗೆ ಆ ಬಿಳಿ ಗಾಡಿ ಹಳದಿ ದೀಪ ಮಿಣುಕಿಸುತ್ತ ಮೈದಾನದೊಳಗೆ ಬಂತು. ಮೊದಲು ಇಳಿದವನು ತುಷಾರ, ಹುಬ್ಬಳ್ಳಿಯಿಂದ ಬಂದಿದ್ದ ಸ್ವಯಂಸೇವಕ. ಅವನ ಅಂಗಿಯ ಮೇಲೆ ಜೇನಿನಂತೆ ಸುರಿಯುವ ಜೋನಿ ಬೆಲ್ಲದ ಕಲೆ.

"ನನ್ನ ತಪ್ಪಿಲ್ರೀ ಸರ್" ಎಂದು ಇಳಿಯುತ್ತಲೇ ಶುರು ಮಾಡಿದ. "ಕಾನಸೂರ ದಾಟಿದ ಮ್ಯಾಲೆ ಒಬ್ರು ಅಮ್ಮಾರು ನಡು ರಸ್ತಾದಾಗ ಬಂದು ನಿಂತ್ರು. ಆಸರಿ ಕುಡೀರಿ ಅಂದ್ರು. ಬ್ಯಾಡ್ರೀ, ಟೈಮ್ ಇಲ್ರೀ ಅಂದೆ. ನಮ್ಮನಿ ನೀರು ಕುಡಿಯಾಕೂ ಆಗೂದಿಲ್ಲೇನು ನಿಮಗ ಅಂತ ಮಾರಿ ಸಣ್ಣದು ಮಾಡಿದ್ರು. ಏನ್ ಮಾಡ್ಲಿ? ಒಂದು ಗುಟುಕು ಅಂತ ಇಳದ್ವಿ. ಪಾನಕ ಆತು, ಆಮ್ಯಾಲೆ ದ್ವಾಸಿ ಬಂದ್ವು. ಒಂದು ತಿಂದೇಳೂದ್ರಾಗ ಇನ್ನೊಂದು. ಡ್ರೈವರ್ ಅಂತೂ ಏಳವಲ್ಲ! ಆಮ್ಯಾಲೆ ಹೊಂಟ್ರ, ನಾನೂ ಶಿರಸಿಗೆ ಬರ್ತೀನಿ ಅಂತ ಅಮ್ಮಾರೇ ಮುಂದಿನ ಸೀಟಿನ್ಯಾಗ ಕುಂತುಬಿಟ್ರು."

ಓಟದ ಮುಖ್ಯಸ್ಥರು ತಲೆ ಕೆರೆದುಕೊಂಡರು. ದಾಕ್ಷಾಯಿಣಿಯ ಪದಕ ನೋಡಿದರು, ಗಡಿಯಾರ ನೋಡಿದರು. "ಗಾಡಿ ತಡವಾದರೆ ಗಾಡಿಯ ತಪ್ಪು. ಗಡಿಯಾರ ತಡವಾಗಿಲ್ಲವಲ್ಲ" ಎಂದು ನಕ್ಕು ಪೆಂಡಾಲಿನ ಕಡೆ ಹೋದರು.

ಅಷ್ಟರಲ್ಲಿ ಮುಂದಿನ ಸೀಟಿನಿಂದ ಶ್ರೀಲಕ್ಷ್ಮಿ ಸೆರಗು ಸರಿಮಾಡಿಕೊಳ್ಳುತ್ತ ಇಳಿದಳು. ನೇರ ತಂಗಿಯ ಹತ್ತಿರ ಬಂದಳು. ಪದಕವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು, ಸೆರಗಿನ ತುದಿಯಿಂದ ಅವಳ ಹಣೆಯ ಉಪ್ಪು ಒರೆಸಿದಳು. ಆಮೇಲೆ ಗಾಡಿಗೆ ಒರಗಿ ಹೊಟ್ಟೆ ಹಿಡಿದು ನಿಂತಿದ್ದ ತುಷಾರನ ಕಡೆ ತಿರುಗಿ, ನಿಜವಾದ ಕನಿಕರದಿಂದ ತಲೆಯಾಡಿಸಿದಳು.

"ಪಾಪ, ಈ ಜನಕ್ಕೆ ಬ್ಯಾಡ ಹೇಳಲೆ ಬತ್ತೇ ಇಲ್ಲೆ ನೋಡು" ಎಂದಳು. "ನೀನು ಅಡ್ಡಿಲ್ಲೆ."

ದಾಕ್ಷಾಯಿಣಿ ನಗಲು ಹೋಗಿ ಅತ್ತಳು. ಅವಳ ಒಂದು ತೋಳು ರಕ್ಷಿತಾಳ ಕೈಯಲ್ಲಿತ್ತು, ಅಕ್ಕ ಇನ್ನೊಂದು ತೋಳು ಹಿಡಿದುಕೊಂಡಳು, ಮೂವರೂ ಮೈದಾನದಲ್ಲಿ ನಿಧಾನವಾಗಿ ನಡೆದರು.